ಗೆರೆಗೆ ಹೆದರುವ ದೊರೆಗಳು

ರಾಜದ್ರೋಹದ ಕಲಮನ್ನು ಬ್ರಿಟಿಷರು ಈ ದೇಶದ ದಂಡಸಂಹಿತೆಗೆ ಸೇರಿಸಿದ್ದು 1870ರಲ್ಲಿ. ಸರಕಾರದ ಮೇಲೆ ಅಪ್ರೀತಿ ಹುಟ್ಟಿಸುವುದೇ ಅಪರಾಧವೆಂದು ಸಾರಿದ ಆ ಕಲಮು, ಅಪ್ರೀತಿಯನ್ನು ಹುಟ್ಟಿಸುವ ಮಾರ್ಗಗಳನ್ನೂ ಒಂದೊಂದಾಗಿ ಎಣಿಸಿತ್ತು. ಆಡಿದ ಮಾತು, ಬರೆದ ಮಾತು, ಸಂಜ್ಞೆ, ಕಣ್ಣಿಗೆ ಕಾಣುವ ನಿರೂಪಣೆ. ಕೊನೆಯದರ ಅರ್ಥ ಚಿತ್ರವೆಂದು ಬೇರೆ ಹೇಳಬೇಕಾಗಿಲ್ಲ. ಸ್ವಾತಂತ್ರ್ಯ ಬಂದ ಮೇಲೂ ಎಪ್ಪತ್ತೈದು ವರ್ಷ ಆ ಕಲಮು ನಮ್ಮ ತಲೆಯ ಮೇಲೆ ತೂಗುತ್ತಲೇ ಇತ್ತು. 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಅದರ ಬಳಕೆಗೆ ತಡೆ ಹಾಕಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ರಾಜದ್ರೋಹವೆಂಬ ಹೆಸರು ಇಲ್ಲ. ಆದರೆ ದೇಶದ ಏಕತೆ, ಅಖಂಡತೆಗಳ ಹೆಸರಿನಲ್ಲಿ ಬಂದ ಅದರ 152ನೆಯ ಕಲಮಿನಲ್ಲಿ ಮಾತು, ಬರಹ, ಸಂಜ್ಞೆಗಳ ಪಕ್ಕದಲ್ಲಿ ಚಿತ್ರವೂ ತನ್ನ ಹಳೆಯ ಜಾಗದಲ್ಲೇ ಕುಳಿತಿದೆ.

ಒಂದು ಪೆನ್ಸಿಲು, ಒಂದು ತುಂಡು ಕಾಗದ. ಪೋಲೀಸು, ಸೈನ್ಯ, ಖಜಾನೆ, ಸೆರೆಮನೆ ಎಲ್ಲವನ್ನೂ ಕೈಯಲ್ಲಿಟ್ಟುಕೊಂಡ ದೊರೆಗಳು ಇಷ್ಟಕ್ಕೇಕೆ ಹೆದರಬೇಕು? ಚಿತ್ರಕಲೆಯೆಂದರೆ ಹಣವಂತರ ಮನೆಯ ಗೋಡೆಯ ಅಲಂಕಾರ, ಹೊಟ್ಟೆಪಾಡಿನ ಹೋರಾಟ ನಡೆಸುವವರಿಗೆ ಅದರ ಗೊಡವೆ ಬೇಡ ಎನ್ನುವ ಮಿತ್ರರು ನಮ್ಮ ನಡುವೆಯೇ ಇದ್ದಾರೆ. ಈ ಪ್ರಶ್ನೆಯನ್ನು ಅವರ ಮುಂದೆಯೇ ಇಡಲು ಬಯಸುತ್ತೇವೆ. ಉತ್ತರಕ್ಕಾಗಿ ಚರಿತ್ರೆಯ ಕೆಲವು ಪುಟಗಳನ್ನು ತಿರುವಿ ನೋಡೋಣ.

ಮೊದಲು ಪ್ಯಾರಿಸಿಗೆ ಹೋಗೋಣ. 1830ರ ಜುಲೈ ಕ್ರಾಂತಿಯಲ್ಲಿ ರಕ್ತ ಸುರಿಸಿದವರು ಅಲ್ಲಿನ ಕೂಲಿಕಾರರು ಮತ್ತು ಕಸಬುದಾರರು. ಸಿಂಹಾಸನ ಏರಿದವನು ಲೂಯಿ ಫಿಲಿಪ್. ಪತ್ರಿಕೆಗಳಿಗೆ ಇನ್ನೆಂದೂ ಸೆನ್ಸಾರು ಇರುವುದಿಲ್ಲವೆಂಬ ವಚನ ಕೊಟ್ಟೇ ಅವನು ರಾಜನಾದ. ವಚನದ ಆಯುಷ್ಯವೆಷ್ಟೆಂಬುದು ಬೇಗನೆ ತಿಳಿಯಿತು. ಶಾರ್ಲ್ ಫಿಲಿಪೋನ್ ಎಂಬ ಪತ್ರಿಕಾಕರ್ತನನ್ನು ರಾಜನ ಅವಮಾನದ ಆರೋಪದ ಮೇಲೆ 1831ರ ನವೆಂಬರಿನಲ್ಲಿ ಕೋರ್ಟಿಗೆ ಎಳೆದರು. ಅವನು ನ್ಯಾಯಾಧೀಶರ ಎದುರಿನಲ್ಲಿಯೇ ನಾಲ್ಕು ಚಿತ್ರ ಬರೆದು ತೋರಿಸಿದ. ಮೊದಲನೆಯದು ರಾಜನ ಮುಖ. ಎರಡನೆಯದು, ಮೂರನೆಯದು ಸ್ವಲ್ಪ ಸ್ವಲ್ಪವೇ ಬದಲಾಗಿ ನಾಲ್ಕನೆಯದಕ್ಕೆ ಅದೊಂದು ಪೇರುಹಣ್ಣಾಗಿತ್ತು. ಮುಖ ಹೋಲುತ್ತದೆ ಎಂಬುದಕ್ಕೆ ನನ್ನನ್ನು ಶಿಕ್ಷಿಸುವುದಾದರೆ ಈ ಹಣ್ಣನ್ನೂ ಶಿಕ್ಷಿಸಬೇಕಾಗುತ್ತದೆ ಎಂಬುದು ಅವನ ವಾದದ ತಿರುಳು. ಶಿಕ್ಷೆಯೇನೋ ಆಯಿತು. ಆದರೆ ಅಂದಿನಿಂದ ಪ್ಯಾರಿಸಿನ ಗೋಡೆಗೋಡೆಯ ಮೇಲೆ ಪೇರುಹಣ್ಣು ಬಿಡತೊಡಗಿತು. ಅಕ್ಷರ ಕಲಿಯದ ಹುಡುಗರೂ ಮಸಿಕೆಂಡದಿಂದ ನಾಲ್ಕು ಗೆರೆ ಎಳೆದು ಓಡುತ್ತಿದ್ದರು. ಯಾರನ್ನೆಂದು ಹಿಡಿಯುವುದು?

ಅದೇ ಫಿಲಿಪೋನನ ಪತ್ರಿಕೆಗೆ ಒನೊರೆ ದೋಮಿಯೆ ಎಂಬ ಬಡ ಯುವಕ ಕಲ್ಲಚ್ಚಿನ ಚಿತ್ರಗಳನ್ನು ಬರೆಯುತ್ತಿದ್ದ. 1831ರ ಡಿಸೆಂಬರಿನಲ್ಲಿ ಅವನು ಬರೆದ ಚಿತ್ರದಲ್ಲಿ ರಾಜನು ಬೆಟ್ಟದಂಥ ಹೊಟ್ಟೆಯ ಗಾರ್ಗಾಂತುವಾ ಎಂಬ ಕಥೆಯ ದೈತ್ಯನಾಗಿದ್ದಾನೆ. ಅವನ ಬಾಯಿಗೆ ಒಂದು ಹಲಗೆ ಚಾಚಿದೆ. ಹರಕು ಬಟ್ಟೆಯ ಜನ ತಮ್ಮ ಕೊನೆಯ ಕಾಸನ್ನು ತಂದು ಬುಟ್ಟಿಗೆ ಸುರಿಯುತ್ತಾರೆ; ಆಳುಗಳು ಆ ಬುಟ್ಟಿಗಳನ್ನು ಹೊತ್ತು ಹಲಗೆಯನ್ನೇರಿ ದೈತ್ಯನ ಬಾಯಿಗೆ ಸುರಿಯುತ್ತಾರೆ. ಅವನ ಆಸನದ ಕೆಳಗಿನಿಂದ ಉದುರುವುದು ಪದವಿಗಳು, ಬಿರುದುಗಳು, ಸನ್ನದುಗಳು. ಅವನ್ನು ಆಯ್ದುಕೊಳ್ಳಲು ದೊಡ್ಡ ಮನುಷ್ಯರು ಮುಗಿಬಿದ್ದಿದ್ದಾರೆ. ತೆರಿಗೆ ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂಬ ಅರ್ಥಶಾಸ್ತ್ರದ ಪಾಠ ಒಂದೇ ಹಾಳೆಯಲ್ಲಿ ಮುಗಿದಿತ್ತು. ಪೋಲೀಸರು ಚಿತ್ರವನ್ನೂ ಅದನ್ನು ಬರೆದ ಕಲ್ಲನ್ನೂ ಮುಟ್ಟುಗೋಲು ಹಾಕಿದರು. ದೋಮಿಯೆಗೆ ಆರು ತಿಂಗಳ ಸೆರೆ, 500 ಫ್ರಾಂಕುಗಳ ಜುಲ್ಮಾನೆ ಆಯಿತು.

ಸೆರೆಯಿಂದ ಬಂದ ಮೇಲೆ ಅವನು ಬರೆದ ಇನ್ನೊಂದು ಚಿತ್ರವಿದೆ. 1834ರ ಏಪ್ರಿಲಿನಲ್ಲಿ ಲಿಯೋನ್ ಪಟ್ಟಣದ ರೇಷ್ಮೆ ನೇಕಾರರು ದಂಗೆಯೆದ್ದರು. ಸರಕಾರ ಫಿರಂಗಿಯಿಂದ ಉತ್ತರ ಕೊಟ್ಟಿತು. ಸುದ್ದಿ ಪ್ಯಾರಿಸಿಗೆ ಮುಟ್ಟಿ ಅಲ್ಲಿಯೂ ಬೀದಿಗಳಲ್ಲಿ ಅಡ್ಡಗಟ್ಟೆಗಳು ಎದ್ದವು. ಟ್ರಾನ್ಸ್‌ನೊನೇನ್ ಎಂಬ ಬೀದಿಯ ಒಂದು ಮನೆಯಿಂದ ಗುಂಡು ಬಂತೆಂದು ಸಿಪಾಯಿಗಳು ಒಳನುಗ್ಗಿ ಮಲಗಿದ್ದವರನ್ನು ಕೊಂದರು. ದೋಮಿಯೆ ಬರೆದದ್ದು ಆ ಕೋಣೆಯನ್ನು, ಎಲ್ಲ ಮುಗಿದ ಮೇಲೆ. ಮಂಚದ ಕೆಳಗೆ ಉರುಳಿದ ಒಬ್ಬ ಗಂಡಸು, ರಾತ್ರಿಯ ಅಂಗಿಯಲ್ಲಿಯೇ ಇದ್ದಾನೆ. ಅವನ ಮೈಯಡಿಯಲ್ಲಿ ಒಂದು ಮಗು. ಆಚೆ ನೆರಳಿನಲ್ಲಿ ಒಬ್ಬ ಹೆಂಗಸು, ಈಚೆ ಒಬ್ಬ ಮುದುಕ. ಚಿತ್ರದಲ್ಲಿ ಸಿಪಾಯಿಯಿಲ್ಲ, ಬಂದೂಕವಿಲ್ಲ, ಬಾವುಟವಿಲ್ಲ, ಘೋಷಣೆಯಿಲ್ಲ. ಅಡಿಬರಹದಲ್ಲಿ ಬೀದಿಯ ಹೆಸರು ಮತ್ತು 1834ರ ಏಪ್ರಿಲ್ 15 ಎಂಬ ತಾರೀಖು, ಅಷ್ಟೇ. ಪತ್ರಿಕೆಗಳ ಮೇಲೆ ಬೀಳುತ್ತಿದ್ದ ದಂಡವನ್ನು ತೆರಲು ಹಣ ಕೂಡಿಸುವುದಕ್ಕೆಂದು ಆ ಚಿತ್ರವನ್ನು ಮಾರಾಟಕ್ಕೆ ಇಟ್ಟಿದ್ದರು. ಸರಕಾರ ಕಲ್ಲನ್ನು ವಶಪಡಿಸಿಕೊಂಡು, ಸಿಕ್ಕಿದ ಪ್ರತಿಗಳನ್ನೆಲ್ಲ ನಾಶಮಾಡಿತು. ಸಿಗದೆ ಉಳಿದ ಪ್ರತಿಗಳು ಇಂದಿಗೂ ಸಾಕ್ಷಿ ನುಡಿಯುತ್ತಿವೆ. ಆ ರಾತ್ರಿಯ ಬಗ್ಗೆ ಸರಕಾರ ಹೊರಡಿಸಿದ ಸಮಜಾಯಿಷಿಗಳನ್ನು ಇಂದು ಯಾರು ಓದುತ್ತಾರೆ?

1835ರ ಸೆಪ್ಟೆಂಬರಿನಲ್ಲಿ ಹೊಸ ಕಾನೂನು ಬಂತು. ಬರಹವನ್ನು ಮುದ್ರಿಸುವ ಮೊದಲು ಸರಕಾರದ ಅಪ್ಪಣೆ ಬೇಕಿರಲಿಲ್ಲ, ಚಿತ್ರಕ್ಕೆ ಬೇಕಾಯಿತು. ಬರಹವು ಅಭಿಪ್ರಾಯ, ಚಿತ್ರವಾದರೋ ಕಣ್ಣಿಗೆ ನೇರವಾಗಿ ಮಾತನಾಡುವುದರಿಂದ ಅದು ಅಭಿಪ್ರಾಯವನ್ನು ದಾಟಿ ಕೃತ್ಯವೇ ಆಗುತ್ತದೆ ಎಂಬುದು ಮಂತ್ರಿಗಳ ವಾದ. ಚಿತ್ರಕ್ಕೆ ಇದಕ್ಕಿಂತ ದೊಡ್ಡ ಪ್ರಶಸ್ತಿಯನ್ನು ಯಾವ ವಿಮರ್ಶಕನೂ ಕೊಟ್ಟಿಲ್ಲ! ಆ ರಾಜನೇನೋ 1848ರ ಕ್ರಾಂತಿಯಲ್ಲಿ ಓಡಿಹೋದ. ಆದರೆ ಅವನ ಮಂತ್ರಿಗಳು ಕಂಡುಕೊಂಡ ಸತ್ಯ ಎಲ್ಲ ದೇಶಗಳ ಆಳರಸರಿಗೂ ಪಿತ್ರಾರ್ಜಿತವಾಗಿ ಬಂದಿದೆ.

ಅವರ ಹೆದರಿಕೆಗೆ ಕಾರಣಗಳಿವೆ. ಬರಹಕ್ಕೆ ಅಕ್ಷರ ಬೇಕು. ಅಕ್ಷರವನ್ನು ಯಾರಿಗೆ ಕೊಡಬೇಕು, ಯಾರಿಗೆ ಕೊಡಬಾರದು ಎಂಬುದು ಬಹುಕಾಲ ಮೇಲಿನವರ ಕೈಯಲ್ಲಿಯೇ ಇತ್ತು. ಚಿತ್ರವನ್ನು ಓದಲು ಯಾವ ಪಾಠಶಾಲೆಯ ಅಪ್ಪಣೆಯೂ ಬೇಡ. ಎರಡನೆಯದು, ಅಗ್ಗದ ಅಚ್ಚು. ಒಂದು ತೈಲಚಿತ್ರ ಒಬ್ಬ ಧನಿಕನ ಮನೆ ಸೇರಿ ಅಲ್ಲಿಯೇ ಉಳಿಯುತ್ತದೆ. ಒಂದು ಕಲ್ಲಿನಿಂದ, ಒಂದು ಮರದ ಹಲಗೆಯಿಂದ ನೂರಾರು ಹಾಳೆ ಹೊರಟು ಚಹದಂಗಡಿಗೆ, ಕಾರಖಾನೆಯ ಬಾಗಿಲಿಗೆ, ಹಳ್ಳಿಯ ಕಟ್ಟೆಗೆ ಹೋಗಬಲ್ಲವು. ಮೂರನೆಯದೇ ಮುಖ್ಯ. ಆಳುವವರು ಸಾವನ್ನು ಅಂಕಿಯಾಗಿಸಿ ಕಡತದಲ್ಲಿ ಮುಚ್ಚಿಡುತ್ತಾರೆ. ಚಿತ್ರಗಾರ ಆ ಅಂಕಿಗೆ ಮತ್ತೆ ಮುಖ ಕೊಡುತ್ತಾನೆ.

ಜರ್ಮನಿಯ ಕೇಥೆ ಕೊಲ್ವಿಟ್ಸ್ ಅವರನ್ನು ಇಲ್ಲಿ ನೆನೆಯಬೇಕು. ಬರ್ಲಿನ್ನಿನ ಕೂಲಿಕಾರರ ಕೇರಿಯಲ್ಲಿ ಅವರ ಗಂಡ ವೈದ್ಯರಾಗಿದ್ದರು. ಔಷಧಿಗಾಗಿ ಬರುತ್ತಿದ್ದ ಹೆಂಗಸರ ಮುಖಗಳನ್ನು ಅವರು ದಿನದಿನವೂ ನೋಡಿದವರು. ಸೈಲೀಸಿಯಾ ಪ್ರಾಂತದ ನೇಕಾರರು 1844ರಲ್ಲಿ ಹಸಿವು ತಾಳಲಾರದೆ ನಡೆಸಿದ ದಂಗೆಯನ್ನು ಕುರಿತ ಹೌಪ್ಟ್‌ಮನ್ನನ ನಾಟಕವನ್ನು 1893ರಲ್ಲಿ ಕಂಡು, ನಾಲ್ಕು ವರ್ಷ ದುಡಿದು ಆರು ಅಚ್ಚುಚಿತ್ರಗಳನ್ನು ಮಾಡಿದರು. ಮೊದಲ ಚಿತ್ರದಲ್ಲಿ ಮಗ್ಗ ತುಂಬಿದ ಇಕ್ಕಟ್ಟಾದ ಕೋಣೆಯಲ್ಲಿ ಸಾಯುತ್ತಿರುವ ಮಗುವಿನ ಮುಂದೆ ತಲೆಗೆ ಕೈ ಹಚ್ಚಿ ಕುಳಿತ ತಾಯಿ. ಆಮೇಲೆ ಸಾವು, ಕತ್ತಲಲ್ಲಿ ನಾಲ್ವರ ಆಲೋಚನೆ, ಮೆರವಣಿಗೆ, ಧಣಿಯ ಮನೆಯ ಬಾಗಿಲಿಗೆ ಕಲ್ಲೇಟು. ಕೊನೆಯದರಲ್ಲಿ ಮತ್ತೆ ಅದೇ ಮಗ್ಗದ ಕೋಣೆ. ನೆಲದ ಮೇಲೆ ಹೆಣಗಳು. ಎಲ್ಲಿಯೂ ನಾಯಕನಿಲ್ಲ, ಭಾಷಣವಿಲ್ಲ. ಮೆರವಣಿಗೆಯಲ್ಲಿ ನಡೆಯುವ ತಾಯಿಯ ಬೆನ್ನ ಮೇಲೆ ನಿದ್ದೆಹೋದ ಮಗುವಿದೆ. ಜನ ದಂಗೆ ಏಳುವುದು ಯಾರೋ ಚಿತಾಯಿಸಿದ್ದರಿಂದ ಎಂದು ಸರಕಾರಗಳು ಹೇಳುತ್ತವೆ. ಮೊದಲ ಚಿತ್ರವನ್ನು ನೋಡಿದವರಿಗೆ ಐದನೆಯದು ಏಕೆ ನಡೆಯಿತೆಂದು ಯಾರೂ ಹೇಳಿಕೊಡಬೇಕಾಗಿಲ್ಲ. 1898ರಲ್ಲಿ ಬರ್ಲಿನ್ನಿನ ಪ್ರದರ್ಶನದ ತೀರ್ಪುಗಾರರು ಇದಕ್ಕೆ ಚಿನ್ನದ ಪದಕ ಕೊಡಬೇಕೆಂದು ಶಿಫಾರಸು ಮಾಡಿದರು, ಕೈಸರ್ ಒಪ್ಪಲಿಲ್ಲ. 1933ರಲ್ಲಿ ಹಿಟ್ಲರನನ್ನು ತಡೆಯಲು ಸೋಷಲ್ ಡೆಮೊಕ್ರಾಟರೂ ಕಮ್ಯುನಿಸ್ಟರೂ ಒಂದಾಗಿರೆಂದು ಬೇಡಿದ ಮನವಿಗೆ ಅವರು ರುಜು ಹಾಕಿದರು. ಎಡಪಕ್ಷಗಳು ಒಂದಾಗಲಿಲ್ಲ. ಕೊಲ್ವಿಟ್ಸ್ ಅವರನ್ನು ಪ್ರಷ್ಯದ ಕಲಾ ಅಕಾಡೆಮಿಯಿಂದ ಹೊರದೂಡಿದರು. ಆ ಒಡಕಿಗೆ ಜರ್ಮನಿಯ ದುಡಿಯುವ ಜನ ತೆತ್ತ ಬೆಲೆಯನ್ನು ಎಡಪಕ್ಷದವರು ಯಾರೂ ಮರೆಯಬಾರದು.

ಇನ್ನು ನಮ್ಮ ದೇಶದ್ದೇ ಮಾತು. 1943ರ ಬಂಗಾಳದ ಕ್ಷಾಮದಲ್ಲಿ ಸತ್ತವರು 15 ಲಕ್ಷವೆಂದು ಸರಕಾರದ ವಿಚಾರಣಾ ಆಯೋಗವೇ 1945ರಲ್ಲಿ ಒಪ್ಪಿಕೊಂಡಿತು. ಮುಂದೆ ವಿದ್ವಾಂಸರು ಹಾಕಿದ ಲೆಕ್ಕ 30 ಲಕ್ಷದ ಹತ್ತಿರ ಹೋಗುತ್ತದೆ. ಜಪಾನಿಯರು ಬಂದಾರೆಂದು ಕರಾವಳಿಯ ದೋಣಿಗಳನ್ನೂ ಅಕ್ಕಿಯನ್ನೂ ಸರಕಾರವೇ ಕಿತ್ತುಕೊಂಡಿತ್ತು. ಯುದ್ಧದ ಖರ್ಚಿನಿಂದ ಬೆಲೆ ಏರಿತು, ದಾಸ್ತಾನುಗಾರರು ಕೊಬ್ಬಿದರು, ಕೂಲಿಯವನ ಕೈಗೆ ಅಕ್ಕಿ ಎಟುಕಲಿಲ್ಲ. ಇಷ್ಟಾದರೂ ಕ್ಷಾಮವೆಂದು ಘೋಷಿಸಲಿಲ್ಲ. ಘೋಷಿಸಿದರೆ ಕ್ಷಾಮ ಸಂಹಿತೆಯ ಪ್ರಕಾರ ಪರಿಹಾರ ಕೊಡಬೇಕಾಗುತ್ತಿತ್ತು. ಕಲ್ಕತ್ತೆಯ ಸ್ಟೇಟ್ಸ್‌ಮನ್ ಪತ್ರಿಕೆ ಆಗಸ್ಟಿನಲ್ಲಿ ಬೀದಿಹೆಣಗಳ ಛಾಯಾಚಿತ್ರಗಳನ್ನು ಅಚ್ಚುಹಾಕಿದ ಮೇಲೆಯೇ ಹೊರಜಗತ್ತು ಬೆಚ್ಚಿದ್ದು.

ಆಗ ಕಲ್ಕತ್ತೆಯ ಕಲಾಶಾಲೆಯಲ್ಲಿದ್ದ ಜೈನುಲ್ ಆಬೆದಿನ್ ಎಂಬ ತರುಣ ಅಗ್ಗದ ಪೊಟ್ಟಣದ ಕಾಗದದ ಮೇಲೆ ಕಪ್ಪು ಮಸಿಯಿಂದ ಬೀದಿಯ ಹಸಿವನ್ನು ಬರೆದರು. ಎಲುಬಿನ ಗೂಡಾದ ತಾಯಿ, ಅವಳ ಮೈಗಂಟಿದ ಕೂಸು, ಕಸದ ತೊಟ್ಟಿಯ ಬಳಿ ಕಾಗೆಗಳ ಜೊತೆ ಮನುಷ್ಯರು. ಚಿತ್ತಪ್ರಸಾದ್ ಎಂಬ ಇನ್ನೊಬ್ಬ ತರುಣ, ಕಮ್ಯುನಿಸ್ಟ್ ಪಕ್ಷದ ಕಾರ್ಯಕರ್ತರು, 1943ರ ನವೆಂಬರಿನಲ್ಲಿ ಮಿಡ್ನಾಪುರ ಜಿಲ್ಲೆಯಲ್ಲಿ ಊರೂರು ತಿರುಗಿದರು. 1942ರ ಅಕ್ಟೋಬರಿನ ಬಿರುಗಾಳಿ ಆ ಜಿಲ್ಲೆಯನ್ನು ನೆಲಸಮ ಮಾಡಿತ್ತು. ಕ್ವಿಟ್ ಇಂಡಿಯಾ ಚಳವಳಿಯಲ್ಲಿ ತಮ್ಲೂಕಿನ ಜನ ತಮ್ಮದೇ ಸರಕಾರ ಕಟ್ಟಿಕೊಂಡದ್ದಕ್ಕೆ ಪೋಲೀಸು ದಬ್ಬಾಳಿಕೆಯೂ ನಡೆದಿತ್ತು. ಚಿತ್ತಪ್ರಸಾದ್ ಅಲ್ಲಿ ಕಂಡವರನ್ನು ಬರೆದರು, ಮಾತನಾಡಿಸಿದರು, ಚಿತ್ರದೊಡನೆ ವಿವರವನ್ನೂ ಗುರುತುಮಾಡಿಕೊಂಡರು. ಹೆಸರೇನು, ಊರು ಯಾವುದು, ಮನೆಯಲ್ಲಿ ಯಾರು ಯಾರು ಸತ್ತರು. ಇದನ್ನೆಲ್ಲ ಸೇರಿಸಿ ಬೊಂಬಾಯಿಯಲ್ಲಿ 'ಹಂಗ್ರಿ ಬೆಂಗಾಲ್' ಎಂಬ ಕಿರುಹೊತ್ತಗೆ ಹೊರಟಿತು. ಅದರ 5000 ಪ್ರತಿಗಳನ್ನು ಬ್ರಿಟಿಷ್ ಸರಕಾರ ಹಿಡಿದು ನಾಶಮಾಡಿತು. ಚಿತ್ರಗಾರನ ಮನೆಯವರು ಕಾಪಾಡಿಕೊಂಡು ಬಂದ ಒಂದು ಪ್ರತಿ ಬ್ಯಾಂಕಿನ ಪೆಟ್ಟಿಗೆಯಲ್ಲಿ ಉಳಿಯಿತು. 2011ರಲ್ಲಿ ಅದರಿಂದಲೇ ಮರುಮುದ್ರಣವಾಯಿತು. ಸುಟ್ಟ ಸಾಮ್ರಾಜ್ಯ ಮಣ್ಣುಗೂಡಿದೆ. ಸುಡಿಸಿಕೊಂಡ ಪುಸ್ತಕ ಮತ್ತೆ ಎದ್ದುಬಂದಿದೆ.

1946ರ ಡಿಸೆಂಬರಿನಲ್ಲಿ ಸೋಮನಾಥ ಹೋರ್ ಎಂಬ ತರುಣ ಕಲಾವಿದರು ರಂಗಪುರಕ್ಕೆ ಹೋಗಿ ತೇಭಾಗಾ ಹೋರಾಟದ ದಿನಚರಿಯನ್ನು ಬರಹ ಮತ್ತು ಚಿತ್ರಗಳಲ್ಲಿ ದಾಖಲಿಸಿದರು. ಬೆಳೆದ ಬೆಳೆಯಲ್ಲಿ ಅರ್ಧವಲ್ಲ, ಮೂರರಲ್ಲಿ ಎರಡು ಪಾಲು ಉಳುವವನಿಗೆ ಬೇಕು ಎಂಬುದು ಅಲ್ಲಿನ ಪಾಲುಗಾರ ರೈತರ ಬೇಡಿಕೆ. 1951ರಲ್ಲಿ ಕಾಗೋಡಿನ ಗೇಣಿದಾರರು ಕೊಳಗದ ಅಳತೆಯ ಅನ್ಯಾಯಕ್ಕೆ ಎದುರುನಿಂತದ್ದನ್ನು ಬಲ್ಲ ನಮ್ಮ ಓದುಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ಭತ್ತದ ಕಣದಲ್ಲಿ ಅಳತೆಗೆ ನಿಂತ ರೈತನ ಮುಖದಲ್ಲಿ ಎಷ್ಟು ರಾಜಕೀಯವಿದೆಯೋ ಅಷ್ಟು ಯಾವ ನಿರ್ಣಯದಲ್ಲಿಯೂ ಇಲ್ಲ.

ಇಲ್ಲಿಯವರೆಗೆ ಹೇಳಿದ್ದನ್ನು ಕೇಳಿ ನಮ್ಮವರು ತಲೆದೂಗಿಯಾರು. ರಾಜ, ಕೈಸರ್, ಬ್ರಿಟಿಷರು ಹೀಗೆ ಎದುರಾಳಿಯ ತಪ್ಪನ್ನು ಎಣಿಸುವುದು ಸುಲಭ. ಈಗ ಹೇಳುವ ಮಾತು ಅಷ್ಟು ಸುಲಭದ್ದಲ್ಲ.

ರಷ್ಯದ ಕ್ರಾಂತಿಯ ಮೊದಲ ವರ್ಷಗಳಲ್ಲಿ ಚಿತ್ರಗಾರರು ಜನರ ನಡುವೆ ಬಂದರು. ಓದುಬರಹ ಬಾರದ ಜನಕ್ಕೆಂದು 1919ರಿಂದ 1921ರವರೆಗೆ ಮಯಕೋವ್‌ಸ್ಕಿ ಮತ್ತು ಅವನ ಗೆಳೆಯರು ಅಂಗಡಿಗಳ ಖಾಲಿ ಕಿಟಕಿಗಳಲ್ಲಿ ಸುದ್ದಿಚಿತ್ರಗಳನ್ನು ತೂಗುಹಾಕಿದರು. 1921ರಲ್ಲಿ ವೋಲ್ಗಾ ತೀರದಲ್ಲಿ ಭೀಕರ ಕ್ಷಾಮ ಬಂದಾಗ ದಿಮಿತ್ರಿ ಮೋರ್ ಒಂದು ಭಿತ್ತಿಪತ್ರ ಬರೆದ. ಕಪ್ಪು ಹಿನ್ನೆಲೆಯಲ್ಲಿ ಎರಡೂ ಕೈ ಮೇಲೆತ್ತಿದ ಬಡಕಲು ಮುದಿರೈತ, ಪಕ್ಕದಲ್ಲಿ ಮುರಿದ ಒಂದು ತೆನೆ, ಕೆಳಗೆ 'ಸಹಾಯಮಾಡಿ' ಎಂಬ ಒಂದೇ ಮಾತು. ಹೊಸ ಸರಕಾರ ತನ್ನ ನೆಲದ ಹಸಿವನ್ನು ಮುಚ್ಚಿಡದೆ ಗೋಡೆಗೆ ಅಂಟಿಸಿತು. ಅದು ಕ್ರಾಂತಿಗೆ ಶೋಭೆ ತಂದ ಕೆಲಸ. ಹನ್ನೊಂದು ವರ್ಷ ಕಳೆಯಿತು. 1932-33ರಲ್ಲಿ ಉಕ್ರೇನಿನಲ್ಲಿಯೂ ಇತರ ಪ್ರಾಂತಗಳಲ್ಲಿಯೂ ಲಕ್ಷಗಟ್ಟಲೆ ರೈತರು ಹಸಿವಿನಿಂದ ಸತ್ತರು. ಆಗ ಅದೇ ಸರಕಾರ ಕ್ಷಾಮವೇ ಇಲ್ಲವೆಂದಿತು. ಗೋಡೆಗಳ ಮೇಲೆ ನಗುವ ರೈತರು, ತುಂಬಿದ ತೆನೆಗಳು, ನಾಯಕನ ಭಾವಚಿತ್ರ. ಬಾವುಟ ಅದೇ ಇತ್ತು, ಅದರ ಬಣ್ಣವೂ ಬದಲಾಗಿರಲಿಲ್ಲ. ಚಿತ್ರಗಾರನ ಕೈ ಮಾತ್ರ ಅಧಿಕಾರಿಯ ಕೈಯೊಳಗೆ ಸೇರಿಹೋಗಿತ್ತು.

ಆದುದರಿಂದ ನಾವು ಸ್ಪಷ್ಟವಾಗಿ ಹೇಳುತ್ತೇವೆ. ನಮ್ಮ ಬಾವುಟವನ್ನು ಬರೆದ ಮಾತ್ರಕ್ಕೆ ಅದು ಪ್ರತಿಭಟನೆಯ ಚಿತ್ರವಾಗುವುದಿಲ್ಲ. ಮೇಲಿನವರು ಮುಚ್ಚಿಟ್ಟದ್ದನ್ನು ತೆರೆದು ತೋರಿಸುವುದೇ ಪ್ರತಿಭಟನೆ. ಆ ಮೇಲಿನವರು ನಾವೇ ಆದಾಗಲೂ ಅಷ್ಟೇ. ಕೊಲ್ವಿಟ್ಸ್ ಅವರು ಕೊಲೆಯಾದ ಕಾರ್ಲ್ ಲೀಬ್‌ನೆಕ್ಟರ ಸ್ಮರಣೆಗೆ ಮಾಡಿದ ಮರದಚ್ಚನ್ನು ನೋಡಿ. ಆತನ ರಾಜಕೀಯ ಮಾರ್ಗ ಅವರದಾಗಿರಲಿಲ್ಲ. ಅವರು ಮುಖ್ಯವಾಗಿ ಬರೆದದ್ದು ಹೆಣದ ಮೇಲೆ ಬಾಗಿದ ಕೂಲಿಕಾರರ ದುಃಖವನ್ನು. ಪಕ್ಷದ ಅಪ್ಪಣೆಯಿಂದ ಅಂಥ ಚಿತ್ರ ಹುಟ್ಟುತ್ತಿರಲಿಲ್ಲ. ಚಿತ್ತಪ್ರಸಾದರೂ 1948ರ ನಂತರ ಪಕ್ಷದ ಕೆಲಸದಿಂದ ದೂರವಾದರು. ಆದರೆ ಬಡವರ ಪಕ್ಷವನ್ನು ಬಿಡಲಿಲ್ಲ. ಬೊಂಬಾಯಿಯ ಅಂಧೇರಿಯ ಸಣ್ಣ ಕೋಣೆಯಲ್ಲಿ ಕುಳಿತು ದುಡಿಯುವ ಮಕ್ಕಳ ಬಾಳನ್ನು ಲಿನೋ ಅಚ್ಚಿನಲ್ಲಿ ಕೆತ್ತಿದರು. ಇಂಥವರನ್ನು ಉಳಿಸಿಕೊಳ್ಳಲಾರದ ಚಳವಳಿ ತನ್ನಲ್ಲಿಯೇ ಏನೋ ಕೊರತೆಯಿದೆಯೆಂದು ತಿಳಿಯಬೇಕು.

ಸ್ವತಂತ್ರ ಭಾರತದ ಲೆಕ್ಕವನ್ನೂ ನೋಡೋಣ. 1948ರಲ್ಲಿ ಶಂಕರ್ ತಮ್ಮ ವಾರಪತ್ರಿಕೆ ಆರಂಭಿಸಿದಾಗ ತಮ್ಮನ್ನೂ ಬಿಡಬೇಡಿರೆಂದು ನೆಹರೂ ಹೇಳಿದ್ದು ಪ್ರಸಿದ್ಧವಾಗಿದೆ. ಮೈಸೂರಿನ ಆರ್. ಕೆ. ಲಕ್ಷ್ಮಣ್, ಆರಂಭದಲ್ಲಿ ನಮ್ಮ 'ಕೊರವಂಜಿ'ಗೆ ಚಿತ್ರ ಬರೆದವರು, ಮುಂದೆ ಚೌಕಳಿ ಅಂಗಿಯ ಒಬ್ಬ ಮೂಕ ಸಾಮಾನ್ಯನನ್ನು ಸೃಷ್ಟಿಸಿ ಮಂತ್ರಿಗಳ ಪಕ್ಕದಲ್ಲಿಯೇ ಸಾಕ್ಷಿಯಾಗಿ ನಿಲ್ಲಿಸಿದರು. ಆದರೆ 1975ರ ಜೂನಿನಲ್ಲಿ ತುರ್ತುಪರಿಸ್ಥಿತಿ ಬಂತು. ಆಗಸ್ಟಿನಲ್ಲಿ ಶಂಕರರ ವಾರಪತ್ರಿಕೆ ಮುಚ್ಚಿತು. ಅದೇ ಡಿಸೆಂಬರಿನಲ್ಲಿ ಅಬು ಅಬ್ರಹಾಂ ಬರೆದ ಚಿತ್ರದಲ್ಲಿ ರಾಷ್ಟ್ರಪತಿಗಳು ಸ್ನಾನದ ತೊಟ್ಟಿಯಲ್ಲಿ ಕುಳಿತೇ ಸುಗ್ರೀವಾಜ್ಞೆಗೆ ರುಜು ಹಾಕಿ, ಇನ್ನೂ ಇದ್ದರೆ ಸ್ವಲ್ಪ ಕಾಯಲು ಹೇಳುತ್ತಾರೆ. ಬಂಧಿತರಾಗಿದ್ದ ಸಾವಿರಾರು ಜನರ ಪರವಾಗಿ ಆ ಒಂದು ತೊಟ್ಟಿ ಮಾತನಾಡಿತು. 2012ರ ಏಪ್ರಿಲಿನಲ್ಲಿ ಮುಖ್ಯಮಂತ್ರಿಯನ್ನು ಕುರಿತ ವ್ಯಂಗ್ಯಚಿತ್ರವನ್ನು ಇತರರಿಗೆ ಕಳಿಸಿದ ತಪ್ಪಿಗೆ ಕಲ್ಕತ್ತೆಯ ಪ್ರಾಧ್ಯಾಪಕರೊಬ್ಬರು ಬಂಧಿತರಾದರು. ಮೊಕದ್ದಮೆಯಿಂದ ಬಿಡುಗಡೆಯಾದದ್ದು 2023ರಲ್ಲಿ. ಅದೇ 2012ರ ಸೆಪ್ಟೆಂಬರಿನಲ್ಲಿ ಮುಂಬಯಿಯಲ್ಲಿ ಒಬ್ಬ ವ್ಯಂಗ್ಯಚಿತ್ರಕಾರರ ಮೇಲೆ ರಾಜದ್ರೋಹದ ಆರೋಪವನ್ನೇ ಹೊರಿಸಿದರು. ಊರೆಲ್ಲ ಛೀ ಎಂದ ಮೇಲೆ ಸರಕಾರ ಅದನ್ನು ಕೈಬಿಟ್ಟಿತು. ಬಂಧಿಸಿದ ಸರಕಾರಗಳ ಪಕ್ಷಗಳು ಬೇರೆ ಬೇರೆ, ಹೆದರಿಕೆ ಒಂದೇ.

ಈಗ ನಮ್ಮ ಸುತ್ತ ಕಣ್ಣಾಡಿಸೋಣ. ಯಾವ ಪೇಟೆಯ ವೃತ್ತದಲ್ಲಿ ನಿಂತು ನೋಡಿದರೂ ಫ್ಲೆಕ್ಸಿನ ಹಲಗೆಗಳು. ಕೈಮುಗಿದ ನಾಯಕರು, ಅವರ ಸುತ್ತ ತಾರೆಗಳಂತೆ ಮರಿನಾಯಕರು, ಹುಟ್ಟುಹಬ್ಬದ ಶುಭಾಶಯ. ಇದು ಆಳುವ ಪಕ್ಷದ ರೋಗ ಮಾತ್ರವಲ್ಲ. ಸಮಾನತೆಯ ಮಾತನಾಡುವ ನಮ್ಮವರ ಸಭೆಗಳಲ್ಲಿಯೂ ವೇದಿಕೆಯ ಹಿಂದೆ ತೂಗುವುದು ನಮ್ಮ ಮುಖಗಳೇ. ಸಾಲದ ಹೊರೆಯ ರೈತ, ಹಕ್ಕುಪತ್ರಕ್ಕಾಗಿ ಕಚೇರಿ ಅಲೆಯುವ ಮುದುಕಿ, ಮಲದಗುಂಡಿಗೆ ಇಳಿದು ಮೇಲೆ ಬಾರದ ಪೌರಕಾರ್ಮಿಕ, ಇವರ ಮುಖ ಯಾವ ಹಲಗೆಯ ಮೇಲಿದೆ? ಈ ಪ್ರಶ್ನೆಗೆ ನಾವು ಮೊದಲು ನಾಚಬೇಕು, ಆಮೇಲೆ ಕೆಲಸಕ್ಕೆ ತೊಡಗಬೇಕು.

ಕೆಲಸ ಕಷ್ಟದ್ದಲ್ಲ. ನಮ್ಮ ಜಿಲ್ಲೆಯ ಶಾಲೆಗಳಲ್ಲಿ ಚಿತ್ರಕಲೆಯ ಮೇಷ್ಟರುಗಳಿದ್ದಾರೆ, ಹಲಗೆ ಬರೆಯುವ ಕುಶಲಿಗಳಿದ್ದಾರೆ, ನೋಟುಬುಕ್ಕಿನ ಹಿಂಬದಿಯಲ್ಲಿ ಗೀಚುವ ಹುಡುಗಹುಡುಗಿಯರಿದ್ದಾರೆ. ಅವರಿಗೆ ನಮ್ಮ ವಿನಂತಿ ಇಷ್ಟೆ. ಅನ್ಯಾಯ ನಡೆದ ಜಾಗಕ್ಕೆ ಹೋಗಿ. ಕುಳಿತು ನೋಡಿ, ಮಾತನಾಡಿಸಿ, ಆಮೇಲೆ ಬರೆಯಿರಿ. ಆ ಜನ ಒಪ್ಪಿದರೆ ಅವರ ಹೆಸರನ್ನೂ, ಊರನ್ನೂ, ತಾರೀಖನ್ನೂ ಕೆಳಗೆ ಕಾಣಿಸಿ. ಉತ್ಪ್ರೇಕ್ಷೆ ಬೇಡ, ಇದ್ದದ್ದೇ ಸಾಕಷ್ಟಿದೆ. ಲಿನೋಲಿಯಂ ತುಂಡು, ಒಂದು ಉಳಿ, ಸ್ವಲ್ಪ ಮಸಿ ಇದ್ದರೆ ನೂರು ಪ್ರತಿ ತೆಗೆಯಬಹುದು. ನಮ್ಮ ಕಾರ್ಯಕರ್ತರು ಅವನ್ನು ಸಂತೆಗೆ, ಬಸ್‌ನಿಲ್ದಾಣಕ್ಕೆ ಒಯ್ಯಲಿ. ಈ ಪತ್ರಿಕೆಯ ಪುಟಗಳು ಅಂಥ ಚಿತ್ರಗಳಿಗೆ ತೆರೆದಿವೆ. ನಮ್ಮ ಪಕ್ಷದವರ ತಪ್ಪನ್ನು ತೋರಿಸುವ ಚಿತ್ರ ಬಂದರೆ ಅದನ್ನೂ ಅಚ್ಚುಹಾಕುತ್ತೇವೆ. ಹಾಗೆ ಮಾಡದೆ ಹೋದ ದಿನ ಈ ಸಂಪಾದಕೀಯವನ್ನು ಕತ್ತರಿಸಿ ನಮ್ಮ ಮೇಜಿನ ಮೇಲೆ ತಂದಿಡುವ ಹಕ್ಕು ನಮ್ಮ ಓದುಗರಿಗಿದೆ.

ಚಿತ್ರ ಒಂದೇ ಕ್ರಾಂತಿ ಮಾಡುತ್ತದೆಂಬ ಭ್ರಮೆ ನಮಗಿಲ್ಲ. ದೋಮಿಯೆಯ ಚಿತ್ರದಿಂದ ಆ ಕೋಣೆಯ ಮಗು ಎದ್ದುಬರಲಿಲ್ಲ; ಮಿಡ್ನಾಪುರದ ಹಸಿದವರಿಗೆ ಚಿತ್ತಪ್ರಸಾದರ ಪುಸ್ತಕ ಅನ್ನವಾಗಲಿಲ್ಲ. ಸಂಘಟನೆ ಬೇಕು, ಸತ್ಯಾಗ್ರಹ ಬೇಕು, ಮತ ಬೇಕು, ಕಾನೂನು ಬದಲಾಗಬೇಕು. ಆದರೆ ಯಾರಿಗಾಗಿ ಇದೆಲ್ಲ ಎಂಬುದು ನಮ್ಮ ಕಣ್ಣಿನಿಂದ ಮರೆಯಾದ ಗಳಿಗೆಯಲ್ಲಿಯೇ ಸಂಘಟನೆ ಕಚೇರಿಯಾಗುತ್ತದೆ, ನಾಯಕ ಧಣಿಯಾಗುತ್ತಾನೆ. ಹಾಗಾಗದಂತೆ ಕಾಯುವ ಮುಖ ನಮ್ಮ ಎದುರಿನ ಗೋಡೆಯ ಮೇಲೆ ಇರಲಿ.